ಪೋಲೆಂಡಿನ ನೆಲಮಾಳಿಗೆಯಲ್ಲಿ ಮೂಡಲಗಿಯ ಜಿನ್ನು

ಹುಕ್ಕೇರಿ

ಕಿವಿ ಹೋದದ್ದು ಮೂಡಲಗಿಯ ಹತ್ತಿ ಜಿನ್ನಿನಲ್ಲಿ ದುಡಿದ ಹೆಂಗಸರದು. ಜಿನ್ನಿನ ಮಾಲಕರ ಕಿವಿಗಳು ಸುಸ್ಥಿತಿಯಲ್ಲಿವೆ. ಕಾರ್ಮಿಕ ಅಧಿಕಾರಿಗಳ ಕಿವಿಗಳೂ ಸುಸ್ಥಿತಿಯಲ್ಲಿವೆ. ಆ ಹೆಂಗಸರ ಪರವಾಗಿ ಎರಡು ವರ್ಷ ಭಾಷಣ ಮಾಡಿದ ನನ್ನ ಕಿವಿಗಳಂತೂ, ವಿಶೇಷವಾಗಿ ಚಪ್ಪಾಳೆಯ ವಿಷಯದಲ್ಲಿ, ಬಹಳ ಚುರುಕಾಗಿವೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಇದು ಪರದೇಶ ಪ್ರವಾಸದ ಕಥನವಾದ್ದರಿಂದ ಟ್ರಾಮು, ಚಳಿ, ಅಪರಿಚಿತರ ಊಟ ಉಪಚಾರಗಳ ನಡುವೆ ಓದುಗರು ಈ ಸಂಗತಿಯನ್ನು ಮರೆಯುವ ಅಪಾಯವಿದೆ. ದಾರಿಯಲ್ಲಿ ನಾನೇ ಹಲವು ಸಲ ಮರೆತೆ.

ಹತ್ತಿಯಿಂದ ಬೀಜ ಬಿಡಿಸುವ ಆ ಜಿನ್ನಿನ ಶೆಡ್ಡಿನಲ್ಲಿ ಯಂತ್ರಗಳು ಎರಡು ಸಾಲಾಗಿ ನಿಂತಿವೆ. ಪ್ರತಿ ಯಂತ್ರದ ಬಾಯಿಗೆ ಒಬ್ಬ ಹೆಂಗಸು ಸುಗ್ಗಿಯುದ್ದಕ್ಕೂ ಹತ್ತಿ ಉಣಿಸುತ್ತಾಳೆ. ತಗಡಿನ ಮಾಡಿನ ಕೆಳಗೆ ಏಳುವ ಸದ್ದಿನಲ್ಲಿ ಮನುಷ್ಯರ ಮಾತು ಕೇಳಿಸುವುದಿಲ್ಲವಾದ್ದರಿಂದ ಅಲ್ಲಿಯವರು ಕೈಯಲ್ಲೇ ಮಾತಾಡುತ್ತಾರೆ. ಮೂಗಿನ ಮೇಲೆ ಬೆರಳಿಟ್ಟರೆ ಮೇಲ್ವಿಚಾರಕ ಮುಕಾದಮ ಬಂದ ಎಂದರ್ಥ. ಮುಂಗೈ ತಿರುವಿದರೆ ನೀರು ಬೇಕು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಇವತ್ತು ಯಾರದೋ ಪಗಾರಕ್ಕೆ ಕತ್ತರಿ. ಮುಕಾದಮನೂ ಹುಕುಮು ಕೊಡುವುದು ಕೈಯಿಂದಲೇ. ಆದರೂ ಅಲ್ಲಿ ಸದ್ದೇ ಇಲ್ಲವೆಂದು ಮಾಲಕರು ಕಾರ್ಮಿಕ ಕಚೇರಿಗೆ ಬರೆದು ಕೊಟ್ಟಿದ್ದರು.

ಕಾರ್ಮಿಕ ಅಧಿಕಾರಿಗಳು ನನ್ನ ಮನವಿಯನ್ನು ಮೇಜಿನ ಮೇಲಿಟ್ಟು ಕೇಳಿದ್ದರು: “ಸದ್ದ ಸದ್ದ ಅಂತೀರಿ ಬಾಯಾರ. ಕಾಗದದ ಮ್ಯಾಲ ಅದು ಹ್ಯಾಂಗ ಕೇಳಸಬೇಕ್ರಿ ನನಗ?”

ಹಾಗಾದರೆ ಕೇಳಿಸುತ್ತೇನೆಂದು ಮೂಡಲಗಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಅಣ್ಣಾಸಾಬನ ಬಳಿ ಹೋದೆ. ಮನೆಯಲ್ಲಿ ಮರಾಠಿ, ಗಿರಾಕಿಯೊಂದಿಗೆ ಕನ್ನಡ, ಜಿನಭಜನೆಯಿಂದ ಹಿಡಿದು ಶ್ರೀಕೃಷ್ಣ ಪಾರಿಜಾತದ ಆಟದವರೆಗೆ ಎಲ್ಲವನ್ನೂ ತುಂಬಿಕೊಡುವ ವ್ಯವಹಾರಸ್ಥ ಅವನು. ರೆಕಾರ್ಡರನ್ನು ಕೊಡುತ್ತ ಒಂದೇ ಮಾತು ಹೇಳಿದ: “ಬಾಯಾರ, ಮೊದಲ ಸದ್ದ ತುಂಬ್ರಿ, ಭಾಷಣ ಆಮ್ಯಾಲ. ಮಂದಿ ಒಂದ ಬಾಜೂ ಕೇಳಿ ತಗದ ಬಿಡ್ತಾರ.”

ನಾನು ಕೇಳಲಿಲ್ಲ. ಒಂದನೆಯ ಬದಿಯಲ್ಲಿ ನನ್ನ ಭಾಷಣವಿತ್ತು. ಅದು ಶೆಡ್ಡಿನ ತಗಡಿನಿಂದ ಆರಂಭವಾಗಿ, ಬಂಡವಾಳಶಾಹಿಯ ಇತಿಹಾಸವನ್ನು ಹಾದು, ಅಣ್ವಸ್ತ್ರ ನಿಷೇಧದ ಬೇಡಿಕೆಯನ್ನೂ ಒಳಗೊಂಡಿತ್ತು. ಎರಡನೆಯ ಬದಿಯಲ್ಲಿ ಜಿನ್ನು. ಕ್ಯಾಸೆಟ್ಟನ್ನು ಒಯ್ದು ಕೊಟ್ಟಾಗ, ತಮ್ಮ ಕಚೇರಿಯಲ್ಲಿ ಅದನ್ನು ಹಾಕುವ ಯಂತ್ರವಿಲ್ಲವೆಂದು ಅಧಿಕಾರಿಗಳು ವಿಷಾದಿಸಿದರು. ನಾನು ಸೋಲುವವಳಲ್ಲ. ನನ್ನಲ್ಲಿ ವಿಳಾಸವಿದ್ದ ಪರದೇಶದ ಕಾರ್ಮಿಕ ಸಂಘಗಳಿಗೆಲ್ಲ ಪ್ರತಿ ಕಳಿಸಿದೆ. ಉತ್ತರ ಬಂದದ್ದು ಒಂದೇ ಕಡೆಯಿಂದ. ಪೋಲೆಂಡಿನ ವೂಚ್ ಎಂಬ ಹಳೆಯ ಗಿರಣಿ ಊರಿನ ಹೆಂಗಸರ ಸಂಘವದು. ನಿಮ್ಮ ಕ್ಯಾಸೆಟ್ಟು ಇಲ್ಲಿ ಬಿಡುಗಡೆಯಾಗಿದೆ, ಇಂಡಸ್ಟ್ರಿಯಲ್ ಸಂಗೀತದ ಕೇಳುಗರು ಬಹಳ ಮೆಚ್ಚಿದ್ದಾರೆ, ಅದಕ್ಕಾಗಿ ಒಂದು ಸಂಜೆ ಏರ್ಪಡಿಸಿದ್ದೇವೆ, ಶೆಡ್ಡಿನ ಒಬ್ಬ ಹೆಂಗಸನ್ನು ಕರೆದುಕೊಂಡು ಬನ್ನಿ ಎಂದಿತ್ತು.

ಇಂಡಸ್ಟ್ರಿಯಲ್ ಸಂಗೀತವೆಂದರೆ ಕಾರ್ಮಿಕರು ಹಾಡುವ ಸಂಗೀತವೆಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿರಲಿಲ್ಲ. ಹುಕ್ಕೇರಿಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ, “ಯುರೋಪಿನ ಶ್ರಮಿಕರು ನಮ್ಮ ನೋವನ್ನು ಹಾಡಾಗಿಸಿ ಬೀದಿಬೀದಿಯಲ್ಲಿ ಹಾಡುತ್ತಿದ್ದಾರೆ” ಎಂದು ಘೋಷಿಸಿದೆ. ಹಾರ ಹಾಕಿದರು. ನಾನು ಅದನ್ನು ಕೊರಳಿನಿಂದ ತೆಗೆಯಲು ಸ್ವಲ್ಪ ತಡಮಾಡಿದೆ.

ಕಣಗಲಾ

ಮುಂಬಯಿಯ ಬಸ್ಸಿಗಾಗಿ ಹೆದ್ದಾರಿಯ ಬದಿಯಲ್ಲಿ ಕಾಯುತ್ತ ನಿಂತಾಗ ಲಗಮವ್ವನ ಧ್ವನಿ ಕಣಗಲಾದ ಅರ್ಧ ಊರಿಗೆ ಕೇಳುತ್ತಿತ್ತು. ಶೆಡ್ಡಿನ ಹೆಂಗಸರು ತಮ್ಮೊಳಗೆ ಆರಿಸಿ ಕಳಿಸಿದ ಪ್ರತಿನಿಧಿ ಅವಳು. ಜಿನ್ನಿನಲ್ಲಿ ವರ್ಷಗಟ್ಟಲೆ ಹತ್ತಿ ಉಣಿಸಿದವಳು. ಎಡಗಿವಿ ಪೂರ್ತಿ ಹೋಗಿತ್ತು. ಇನ್ನೊಂದು ಸುಗ್ಗಿ ಅದೇ ಸದ್ದಿನಲ್ಲಿ ಕಳೆದರೆ ಬಲಗಿವಿಯೂ ಉಳಿಯದೆಂದು ಬೆಳಗಾವಿಯ ಡಾಕ್ಟರರು ಹೇಳಿದ್ದರು. ದೀಪಾವಳಿ ಮುಗಿದೊಡನೆ ಜಿನ್ನು ಶುರುವಾಗುತ್ತದೆ. ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಹೊರಗಿನ ಅಂಗಳದಲ್ಲಿ ಹತ್ತಿ ಹರವಿ ಕಸ ಆರಿಸುವ ಕೆಲಸವೂ ಇದೆ, ಅಲ್ಲಿ ಸದ್ದಿಲ್ಲ. ಅದನ್ನು ಕೊಡಿರೆಂದು ಕೇಳಿದ್ದಕ್ಕೆ, ಒಳಗೆ ಸದ್ದಿದ್ದರಲ್ಲವೇ ಹೊರಗೆ ಹೋಗುವ ಪ್ರಶ್ನೆ ಎಂದು ಮಾಲಕರು ಕಳಿಸಿಬಿಟ್ಟಿದ್ದರು.

“ಬಾಯಾರ, ಈ ಬಲಗಿವಿ ಒಂದ ಉಳದ್ರ ಸಾಕ್ರಿ ನನಗ,” ಎಂದಳು ಲಗಮವ್ವ.

“ಉಳಿಯಬೇಕು ಲಗಮವ್ವ. ಅದು ನಿನ್ನ ಹಕ್ಕು.”

“ಹಕ್ಕಗಿಕ್ಕ ನಂಗೊತ್ತಿಲ್ಲ. ನಳದ ಕಟ್ಟಿ ಮ್ಯಾಲ ಯಾರ ಯಾರಿಗಿ ಏನ ಅಂದ್ರು ಅನ್ನೂದ ತಿಳೀದಿದ್ರ ಬದಕಾದ್ರೂ ಯಾಕ್ರಿ? ಈಗs ಅರ್ಧಾ ಸುದ್ದಿ ತಪ್ಪಾಕತ್ತೈತಿ.”

ಶ್ರವಣಶಕ್ತಿಯ ಸಾಮಾಜಿಕ ಮಹತ್ವದ ಬಗ್ಗೆ ನಾನು ಬರೆದಿದ್ದ ಕರಪತ್ರದಲ್ಲಿ ನಳದ ಕಟ್ಟೆಯ ಪ್ರಸ್ತಾಪವಿರಲಿಲ್ಲ.

ಮುಂಬಯಿ, ವಿಮಾನ ನಿಲ್ದಾಣ

ಲಗಮವ್ವನ ಸಂಚಿಯಲ್ಲಿದ್ದ ಮಿಶ್ರಿಯ ಡಬ್ಬಿ ನಮ್ಮನ್ನು ತಡೆಯಿತು. ಹಲ್ಲುಜ್ಜುವ ಆ ಕರಿ ತಂಬಾಕಿನ ಪುಡಿಯನ್ನು ತಪಾಸಣೆಯವರು ಮೂಸಿದರು, ಬೆಳಕಿಗೆ ಹಿಡಿದರು, ಮೇಲಿನವರನ್ನು ಕರೆಸಿದರು. ಬಡ ಶ್ರಮಿಕ ಮಹಿಳೆಯನ್ನು ಅಪರಾಧಿಯಂತೆ ಕಾಣುವ ವ್ಯವಸ್ಥೆಯ ಬಗ್ಗೆ ನಾನು ಮಾತಾಡತೊಡಗಿದೆ. ನನ್ನ ವಾಕ್ಯಗಳು ಉದ್ದವಾದಂತೆ ಬಂದೂಕು ಹಿಡಿದವರ ಸಂಖ್ಯೆ ಹೆಚ್ಚಿತು. ಕಡೆಗೆ ಲಗಮವ್ವ ಅವರ ಕೈಯಿಂದಲೇ ಒಂದು ಚಿಟಿಕೆ ತೆಗೆದು ಹಲ್ಲಿಗೆ ತಿಕ್ಕಿ, “ತಗೋರಿ, ನೀವೂ ತಿಕ್ಕ್ರಿ. ಹಲ್ಲ ಗಟ್ಟಿ ಆಗ್ತಾವ” ಎಂದು ಡಬ್ಬಿಯನ್ನು ಮುಂದೆ ಹಿಡಿದಳು. ಅವರು ನಕ್ಕು ಬಿಟ್ಟರು. ಅವಳನ್ನು ಮಾತ್ರ. ನನ್ನ ಚೀಲವನ್ನು ಇನ್ನೊಮ್ಮೆ ಬಿಚ್ಚಿಸಿದರು.

ವೂಚ್

ಆ ಊರಿನ ಟ್ರಾಮಿನಲ್ಲಿ ಯಾರೂ ಮಾತಾಡುವುದಿಲ್ಲ. ಗೋಕಾಕದಿಂದ ಅರಭಾವಿಗೆ ಹೋಗುವ ಬಸ್ಸಿನಲ್ಲಿ ಕಾಲೇಜಿನ ಹುಡುಗರು, ಬಾಳೆಗೊನೆ, ಎರಡು ಮದುವೆಯ ಮಾತುಕತೆ ಒಟ್ಟಿಗೆ ಸಾಗುವುದನ್ನು ಕಂಡವರಿಗೆ ಅದು ಭಯ ಹುಟ್ಟಿಸುತ್ತದೆ. ತುಂಬಿದ ಟ್ರಾಮಿನ ನಟ್ಟನಡುವೆ ಲಗಮವ್ವ ಜಿನ್ನಿನ ಧ್ವನಿಯಲ್ಲಿ ಕೇಳಿದಳು: “ಬಾಯಾರ, ಇವರ ಮನ್ಯಾಗ ಯಾರ ಸತ್ತಾರ್ರಿ?” ಎಲ್ಲರೂ ತಿರುಗಿ ನೋಡಿದರು. ಒಬ್ಬ ಮುದುಕ ಎದ್ದು ಅವಳಿಗೆ ಜಾಗ ಕೊಟ್ಟ. ಅವಳ ಪ್ರಶ್ನೆ ತೀರ ಅಸಂಗತವೂ ಆಗಿರಲಿಲ್ಲ. ಅವು ಅಲ್ಲಿಯವರು ಸತ್ತವರನ್ನು ನೆನೆಯುವ ದಿನಗಳು. ಹಾದಿಯಲ್ಲಿ ಸಿಕ್ಕ ಸ್ಮಶಾನದ ತುಂಬ ಸಾವಿರಾರು ದೀಪ ಉರಿಯುತ್ತಿದ್ದವು. “ಇವರದೂ ದೀವಳಿಗಿ ಐತಿ, ಆದ್ರ ಗೋರಿ ಮ್ಯಾಲ,” ಎಂದು ಅವಳು ತೀರ್ಪು ಕೊಟ್ಟಳು.

ನಾವು ಇಳಿದುಕೊಂಡದ್ದು ಹಲೀನಾ ಎಂಬ ನಿವೃತ್ತ ನೇಕಾರಳ ಎರಡು ಕೋಣೆಯ ಮನೆಯಲ್ಲಿ. ಬಾಗಿಲಲ್ಲಿ ಪಾದರಕ್ಷೆ ಕಳಚಿದೊಡನೆ ಅತಿಥಿಗೊಂದು ಜೋಡು ಬಟ್ಟೆಯ ಚಪ್ಪಲಿ ಕೊಡುವುದು ಅಲ್ಲಿಯ ಪದ್ಧತಿ. ಬರಿಗಾಲಲ್ಲಿ ನಡೆಯುವುದೇ ಸರಳ ಜೀವನವೆಂದು ನಾನು ನಿರಾಕರಿಸಿದೆ. ಮನೆಯವರು ಮೂರು ದಿನವೂ ನನ್ನ ಕಾಲನ್ನು ಗಾಯಾಳುವಿನ ಕಾಲಿನಂತೆ ನೋಡಿದರು. ಹಲೀನಾಳ ಎರಡು ಕಿವಿಯೂ ಮಗ್ಗದ ಸದ್ದಿಗೆ ಹೋಗಿದ್ದವು. ಅವಳು ಪೋಲಿಷಿನಲ್ಲಿ ಕಿರಿಚುವಳು, ಲಗಮವ್ವ ಕನ್ನಡದಲ್ಲಿ ಕಿರಿಚುವಳು. ಒಬ್ಬರದೊಬ್ಬರಿಗೆ ಕೇಳಿಸುತ್ತಲೂ ಇರಲಿಲ್ಲ, ಕೇಳಿಸಿದ್ದರೂ ತಿಳಿಯುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸೊಸೆಯಂದಿರ ವಿಷಯಕ್ಕೆ ಬಂದಿದ್ದರೆಂದು ಮುಖಭಾವದಿಂದ ನನಗೆ ಖಚಿತವಾಯಿತು.

ನನ್ನ ಕ್ಯಾಸೆಟ್ಟು ಎಲ್ಲಿಗೆ ಹೋಯಿತೆಂಬುದು ತಿಳಿದದ್ದು ಅಲ್ಲಿಯೇ. ಸಂಘಕ್ಕೆ ಬಂದ ಕ್ಯಾಸೆಟ್ಟನ್ನು ಮನೆಗೆ ತಂದ ಹಲೀನಾ, ತನಗೆ ಕೇಳಿಸದ್ದರಿಂದ, ಇದರಲ್ಲೇನಿದೆ ನೋಡಿ ಹೇಳೆಂದು ಮಗನಿಗೆ ಕೊಟ್ಟಿದ್ದಳು. ಮಗ ತೊಮಾಶ್ ಸಣಕಲ, ಉದ್ದ ಕೂದಲಿನವನು. ತಾಯಿಯೊಂದಿಗೆ ಕಿರಿಚಿ ಕಿರಿಚಿ ದಣಿದವನಂತೆ ಉಳಿದವರೊಂದಿಗೆಲ್ಲ ಪಿಸುಗುಡುವವನು. ಅವನು ಸದ್ದಿನ ಕ್ಯಾಸೆಟ್ಟುಗಳ ಪ್ರಕಾಶಕ. ರಾಗವಿಲ್ಲ, ತಾಳವಿಲ್ಲ. ಯಂತ್ರದ ಕೊರೆತ, ಕಬ್ಬಿಣದ ಬಡಿತ, ಗವಿಯೊಳಗೆ ಗಾಳಿ ಸಿಕ್ಕಿಕೊಂಡಂಥ ಗುಂಯ್‌ಗುಡುವಿಕೆ. ಇಂಡಸ್ಟ್ರಿಯಲ್, ನಾಯ್ಸ್, ಡಾರ್ಕ್ ಆಂಬಿಯೆಂಟ್ ಎಂದು ಅದರಲ್ಲಿ ಪಂಗಡಗಳಿವೆ. ನಮ್ಮ ಎಡಪಂಥೀಯ ಗುಂಪುಗಳಂತೆ ಪಂಗಡಗಳ ಸಂಖ್ಯೆ ಸದಸ್ಯರ ಸಂಖ್ಯೆಗೆ ಹತ್ತಿರವಿದೆ. ಈ ಕ್ಯಾಸೆಟ್ಟುಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಕೈಯಲ್ಲಿ ಮಾಡಿ, ಕೈಯಲ್ಲಿ ಅಂಕೆ ಬರೆದು, ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸುತ್ತಾರೆ.

“ಹಾಡು ಎಲ್ಲಿ ಬರುತ್ತದೆ?” ಎಂದು ನಾನು ಕೇಳಿದೆ. ತೊಮಾಶ್ ನನ್ನನ್ನು ಬಹಳ ಮರುಕದಿಂದ ನೋಡಿದ.

ಕಪ್ಪು ಹೊದಿಕೆಯ ಮೇಲೆ ‘ಮೂಡಲಗಿ’ ಎಂದು ರೋಮನ್ ಅಕ್ಷರದಲ್ಲಿತ್ತು. ಅದು ಯಾವುದೋ ಪುರಾತನ ದೈವದ ಹೆಸರೆಂದು ಕೇಳುಗರು ನಂಬಿದ್ದರಂತೆ. ಪ್ರತಿಯೊಂದರ ಒಳಗೂ ಒಂದು ಚಿಟಿಕೆ ಹತ್ತಿ. ಲಗಮವ್ವ ಅದನ್ನು ಬೆರಳಲ್ಲಿ ಹಿಂಜಿ, “ಇದ ದವಾಖಾನಿ ಹತ್ತಿರಿ. ಗಾಯಕ್ಕ ಹಚ್ಚೂದು” ಎಂದಳು. ಇಂಗ್ಲಿಷಿಗೆ ಅನುವಾದಿಸಿದೆ. ತೊಮಾಶನ ಕಿವಿ ಕೆಂಪಾದವು.

ಆಮೇಲೆ ಅವನು ಪಿಸುಗುಟ್ಟಿದ: “ಒಂದನೆಯ ಬದಿಯ ಧ್ವನಿಯನ್ನು ಅರ್ಧ ವೇಗಕ್ಕೆ ಇಳಿಸಿದ್ದೇನೆ. ಈ ವರ್ಷ ಕೇಳಿದ್ದರಲ್ಲೇ ಅತ್ಯಂತ ಭಯಾನಕವಾದದ್ದು. ಯಾರದು, ಯಾವುದಾದರೂ ಹಳೆಯ ಮಂತ್ರವಾದಿಯದೆ?”

“ನನ್ನದು,” ಎಂದೆ.

ಅವನು ಕ್ಷಮೆ ಕೇಳಿದ. ಅದು ನನ್ನನ್ನು ಇನ್ನಷ್ಟು ನೋಯಿಸಿತು.

ನೆಲಮಾಳಿಗೆ

ಸಂಜೆಯ ಕಾರ್ಯಕ್ರಮ ನಡೆದದ್ದು ಹಲೀನಾ ಹಿಂದೆ ದುಡಿಯುತ್ತಿದ್ದ, ಈಗ ಮುಚ್ಚಿರುವ ಗಿರಣಿಯ ನೆಲಮಾಳಿಗೆಯಲ್ಲಿ. ನಾಗರಿಕತೆಯನ್ನೇ ನಡುಗಿಸಹೊರಟ ಆ ಸಂಗೀತ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಶುರುವಾಗಿ ನೆರೆಯವರ ಊಟದ ಹೊತ್ತಿಗೆ ಮುಗಿಯಬೇಕಿತ್ತು. ಮುಗಿಯಿತು ಕೂಡ. ಯುರೋಪಿನಲ್ಲಿ ಬಂಡಾಯವೂ ವೇಳಾಪಟ್ಟಿಗೆ ಬದ್ಧವಾಗಿದೆ.

ಬಾಗಿಲಲ್ಲಿ ತಲೆ ಬೋಳಿಸಿಕೊಂಡ ಒಬ್ಬ ತರುಣಿ ಬುಟ್ಟಿ ಹಿಡಿದು ನಿಂತಿದ್ದಳು. ಅದರ ತುಂಬ ಹಳದಿ ಬಣ್ಣದ, ಮೆತ್ತನೆಯ, ಕಿರುಬೆರಳ ತುದಿಯಷ್ಟು ದೊಡ್ಡ ಉಂಡೆಗಳು. ನಮ್ಮ ಕಡೆ ಮದುವೆಯಿರಲಿ, ಸತ್ಕಾರ ಸಮಾರಂಭವಿರಲಿ, ಬಾಗಿಲಲ್ಲಿ ಬಂದವರ ಕೈಗೆ ಸಕ್ಕರೆಯನ್ನೋ ಪೇಢೆಯನ್ನೋ ಕೊಟ್ಟೇ ಒಳಗೆ ಬಿಡುತ್ತಾರೆ. ಮುಖ್ಯ ಅತಿಥಿ ಅದನ್ನು ಅಲ್ಲಿಯೇ ಬಾಯಿಗೆ ಹಾಕಿಕೊಳ್ಳದಿದ್ದರೆ ಕರೆದವರಿಗೆ ಅವಮಾನ. ನಾನು ಎರಡನ್ನು ತೆಗೆದುಕೊಂಡು, ನಮಸ್ಕರಿಸಿ, ಬಾಯಿಗೆ ಹಾಕಿಕೊಂಡೆ. ಸಿಹಿಯಿರಲಿಲ್ಲ. ಆತಿಥೇಯರ ಸಂಸ್ಕೃತಿಯನ್ನು ಗೌರವಿಸಬೇಕೆಂಬ ತತ್ತ್ವದ ಬಲದಿಂದ ಜಗಿಯುತ್ತಲೇ ಇದ್ದೆ. ಜಗಿದಷ್ಟೂ ಅದು ಬಾಯೊಳಗೆ ಉಬ್ಬಿತು.

ಲಗಮವ್ವ ನನ್ನ ಮುಖ ನೋಡಿ ತನ್ನ ಪಾಲಿನದನ್ನು ಕೈಯಲ್ಲೇ ಹಿಡಿದಿದ್ದಳು. ಹಲೀನಾ ಅವಳ ಕೈಯಿಂದ ಅದನ್ನು ತೆಗೆದು, ಬೆರಳಲ್ಲಿ ಹೊಸೆದು, ಅವಳ ಬಲಗಿವಿಗೆ ತುರುಕಿದಳು. ಇಲ್ಲಿ ಇದಿಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ತೊಮಾಶ್ ಪಿಸುಗುಟ್ಟಿದ. ಅದು ಅವನೇ ಮಾಡಿದ ನಿಯಮವಂತೆ. ತಾಯಿಯನ್ನು ನೋಡಿ ಬೆಳೆದವನು, ತನ್ನ ಸದ್ದಿನಿಂದ ಒಬ್ಬರ ಕಿವಿಯೂ ಕೆಡಬಾರದೆಂದು ಹಟ ಹಿಡಿದಿದ್ದ. ನಾನು ಮರೆಗೆ ಹೋಗಿ ಅವನ ನಿಯಮವನ್ನು ಕರವಸ್ತ್ರಕ್ಕೆ ಉಗುಳಿದೆ.

ಆಮೇಲೆ ಕತ್ತಲೆಯಲ್ಲಿ ನನ್ನ ಭಾಷಣ ಆರಂಭವಾಯಿತು. ಹುಕ್ಕೇರಿಯ ನನ್ನ ಸಭೆಗಳಿಗೆ ನಾಲ್ಕು ಜನ ಬರುತ್ತಾರೆ. ಅವರಲ್ಲಿ ಇಬ್ಬರು ಮೈಕಿನವರು. ಇಲ್ಲಿ ನೆಲಮಾಳಿಗೆ ತುಂಬಿತ್ತು. ಕಪ್ಪು ಬಟ್ಟೆಯ ತರುಣ ತರುಣಿಯರು ಕಣ್ಣು ಮುಚ್ಚಿ, ತಲೆ ಬಾಗಿಸಿ, ಭೂತವೊಂದು ಬಾವಿಯೊಳಗಿಂದ ನರಳುವಂಥ ನನ್ನ ಧ್ವನಿಯನ್ನು ಅಕ್ಷರವೊಂದೂ ತಿಳಿಯದೆ ಕಡೆಯವರೆಗೆ ಕೇಳಿದರು. ಅಣ್ವಸ್ತ್ರ ನಿಷೇಧದ ಹತ್ತಿರ ಒಬ್ಬ ಕಣ್ಣೊರೆಸಿಕೊಂಡ. ನನ್ನ ಸಾರ್ವಜನಿಕ ಜೀವನದ ಶಿಖರವದು. ಆ ಹೊತ್ತಿನಲ್ಲಿ ಮೂಡಲಗಿಯ ಹೆಂಗಸರ ಕಿವಿ ನನಗೆ ನೆನಪಿತ್ತೆಂದು ಹೇಳಿದರೆ ಸುಳ್ಳಾದೀತು.

ಎರಡನೆಯ ಬದಿ ಬಂತು. ಜಿನ್ನು ಗೋಡೆಗಳನ್ನು ಹಿಡಿದು ಅಲುಗಾಡಿಸಿತು. ಮಾತು ಸಾಧ್ಯವಿರಲಿಲ್ಲ. ಗೋಡೆಗೆ ಒರಗಿದ್ದ ಲಗಮವ್ವ, ದಿನವೂ ಮಾಡುವ ಕೆಲಸದಂತೆ, ಮೂಗಿನ ಮೇಲೆ ಬೆರಳಿಟ್ಟು ತೊಮಾಶನನ್ನು ತೋರಿಸಿದಳು. ಹಲೀನಾ ಬಿದ್ದು ಬಿದ್ದು ನಕ್ಕಳು. ಅವಳ ಗಿರಣಿಯಲ್ಲೂ ಮೇಲ್ವಿಚಾರಕನಿಗೆ ಒಂದು ಸನ್ನೆಯಿತ್ತು, ಕುತ್ತಿಗೆಪಟ್ಟಿಯನ್ನು ಎಳೆದುಕೊಳ್ಳುವುದು. ಇಬ್ಬರೂ ತಮ್ಮ ತಮ್ಮ ಸನ್ನೆಗಳನ್ನು ಬದಲಾಯಿಸಿಕೊಳ್ಳುತ್ತ ಕೂತರು. ನಡುವೆ ಲಗಮವ್ವ ಬಲಗಿವಿಯ ಹಳದಿ ಉಂಡೆಯನ್ನು ತೆಗೆದಳು. ಮುಖ ಕಿವುಚಿದಳು. ಮತ್ತೆ ಹಾಕಿದಳು. ತೆಗೆದಳು, ಹಾಕಿದಳು. ಕಲೆ ಅವಳನ್ನು ತಟ್ಟಿತೆಂದು ನಾನು ಭಾವಿಸಿದೆ.

ಹೊರಗೆ ಬಂದೊಡನೆ ಅವಳು ನನ್ನ ತೋಳು ಹಿಡಿದಳು.

“ಬಾಯಾರ, ಇದ ಹಾಕ್ಕೊಂಡ್ರ ಜಿನ್ನ ದೂರ ಹೊಕ್ಕೈತಿ. ತಗದ್ರ ಬಾಜೂಕ ಬರತೈತಿ. ನಾಕ ಸಲ ನೋಡಿದ್ನಿ. ಇಷ್ಟ ಸಣ್ಣದರಿ!”

“ಹೌದು ಲಗಮವ್ವ, ಇದಕ್ಕೆ ಕಿವಿಮುಚ್ಚಿಗೆ ಎನ್ನುತ್ತಾರೆ.”

“ಇದ ನಮ್ಮ ಬೇಡಿಕ್ಯಾಗ ಇತ್ತೇನ್ರಿ?”

“ಇತ್ತು.”

“ಎಲ್ಲಿ?”

“ಕೊನೆಯ ಕಡೆ. ಅಣ್ವಸ್ತ್ರ ನಿಷೇಧ ಆದ ಮೇಲೆ.”

ಅಣ್ವಸ್ತ್ರವೆಂದರೇನೆಂದು ಕೇಳಿದಳು. ಟ್ರಾಮಿನಲ್ಲಿ ವಿವರಿಸಿದೆ. “ಅದೂ ಸದ್ದ ಮಾಡತೈತೇನ್ರಿ? ಹಂಗಾದ್ರ ಅದೂ ಬೇಡಿಕ್ಯಾಗ ಇರಲಿ ಬಿಡ್ರಿ,” ಎಂದಳು.

ಹಲೀನಾಳ ಅಡುಗೆಮನೆ

ಮರುದಿನ ಬೆಳಿಗ್ಗೆ, ನಿಂಬೆ ಹೋಳು ತೇಲುವ ಹಾಲಿಲ್ಲದ ಚಹದ ಎದುರು ಕೂತು, ನಾನು ತೊಮಾಶನ ಅನ್ಯಾಯವನ್ನು ಹೆಸರಿಸಿದೆ. ಹೊದಿಕೆಯ ಹಿಂದೆ, ಕಲಾವಿದರ ಹೆಸರಿನ ಜಾಗದಲ್ಲಿ ‘ಅಜ್ಞಾತ’ ಎಂದಿದೆ. ಕಿವಿ ಕೊಟ್ಟವರ ಹೆಸರೆಲ್ಲಿ? ಅವನು ತಲೆ ತಗ್ಗಿಸಿ, ಹೊಸ ಹೊದಿಕೆ ಮಾಡುತ್ತೇನೆ, ಹೆಸರುಗಳನ್ನು ಹೇಳಿ ಎಂದ. ನಾನು ವಿಜಯದಿಂದ ಲಗಮವ್ವನತ್ತ ತಿರುಗಿದೆ.

“ಬ್ಯಾಡ್ರಿ! ಸಾವಕಾರನ ಕಿವಿಗಿ ಬಿದ್ರ ಸುಗ್ಗಿಗಿ ಕರಿಯಂಗಿಲ್ಲ. ನಿಮ್ಮ ಹೆಸರ ಹಾಕಸ್ರಿ, ದೊಡ್ಡದಾಗಿ. ಹೆಂಗೂ ನೀವ ಮಾತಾಡೀರಿ.” ಆಮೇಲೆ ತೊಮಾಶನನ್ನು ನೋಡಿ, ಅವನಿಗೆ ಕನ್ನಡ ತಿಳಿಯುತ್ತದೆಂಬಂತೆ ನೇರವಾಗಿ ಹೇಳಿದಳು: “ಏ ತಮ್ಮಾ, ನಮ್ಮ ಸದ್ದ ನೀ ಇಟ್ಕೊ. ಆ ಬುಟ್ಟಿ ನಮಗ ಕೊಡು.”

ಅವನು ಬುಟ್ಟಿಯನ್ನಷ್ಟೇ ಕೊಡಲಿಲ್ಲ. ಹಲೀನಾಳ ಸಂಘದವರು ಔಷಧದ ಅಂಗಡಿಗಳನ್ನು ಸುತ್ತಿ ಒಂದು ಪೆಟ್ಟಿಗೆ ತುಂಬಿಸಿದರು. ಹೊಸ ಹೊದಿಕೆಯ ಮೇಲೆ ತೊಮಾಶ್ ಒಂದು ಸಾಲು ಸೇರಿಸಿದ. ಈ ಯಂತ್ರಗಳ ಮುಂದೆ ದುಡಿದ ಹೆಂಗಸರಿಗೆ ಕಿವಿಮುಚ್ಚಿಗೆ ಇರಲಿಲ್ಲ ಎಂದು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಕೇಳಲು ಸಂಕೋಚವಾಯಿತು.

ಮೂಡಲಗಿ

ಜಿನ್ನು ಶುರುವಾದ ದಿನ ಶೆಡ್ಡಿನ ಹೆಂಗಸರೆಲ್ಲ ಹಳದಿ ಉಂಡೆಗಳನ್ನು ಕಿವಿಗಿಟ್ಟು ಒಳಗೆ ಹೋದರು. ಸದ್ದಿಲ್ಲದ ಸ್ಥಳದಲ್ಲಿ ಅದರಿಂದ ಯಾರಿಗೂ ತೊಂದರೆಯಾಗಬಾರದಿತ್ತು. ಮಾಲಕರು ಮಧ್ಯಾಹ್ನವೇ ಯಂತ್ರ ನಿಲ್ಲಿಸಿ ಎಲ್ಲರನ್ನೂ ಅಂಗಳಕ್ಕೆ ಕರೆದರು. ಗೇಟಿನ ಬಳಿ ನಾನೂ ಇದ್ದೆ.

“ಕಿವಿ ಮುಚ್ಕೊಂಡ್ರ ಮುಕಾದಮನ ಮಾತ ಹ್ಯಾಂಗ ಕೇಳಸತೈತಿ ನಿಮಗ?” ಎಂದರು ಮಾಲಕರು.

“ಆ ಸದ್ದಿನ್ಯಾಗ ಅವನ ಮಾತ ಎಂದ ಕೇಳಸೈತ್ರಿ ಸಾವಕಾರ್ರ?” ಎಂದಳು ಲಗಮವ್ವ.

“ಸದ್ದ ಐತಿ ಅಂತ ಯಾರಂದ್ರು?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಕಾದಮ ಅಭ್ಯಾಸಬಲದಿಂದ ಕೈಯೆತ್ತಿ, ಸುಮ್ಮನಿರಿ ಎಂಬ ಸನ್ನೆ ಮಾಡಿದ. ನಗೆ ಅಂಗಳ ತುಂಬ ಹರಡಿತು. ಮಾಲಕರಿಗೆ ಅದು ಸಹ್ಯವಾಗಲಿಲ್ಲ. ಉಂಡೆ ತೆಗೆಯಬೇಕು, ಇಲ್ಲವೆ ಗೇಟು ದಾಟಬೇಕು ಎಂದರು. ಒಬ್ಬೊಬ್ಬರಾಗಿ ತೆಗೆದರು. ಮನೆಯಲ್ಲಿ ಒಲೆ ಇದ್ದವರು ಅವರು, ಅವರನ್ನು ದೂಷಿಸಲಾರೆ. ಲಗಮವ್ವ ತೆಗೆಯಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

ದೂರು ಒಯ್ದಾಗ ಕಾರ್ಮಿಕ ಅಧಿಕಾರಿಗಳು, ಆ ಉಂಡೆಗಳು ಪರದೇಶದ ಮಾಲು, ತಮ್ಮ ಖಾತೆಗೆ ಬರುವುದಿಲ್ಲವೆಂದರು. ನಾನು ಹಾಳೆ ತೆಗೆದು ಬರೆಯತೊಡಗಿದೆ. ತಗಡಿನ ಮಾಡು, ಬಂಡವಾಳದ ಸ್ವರೂಪ, ವಸಾಹತುಶಾಹಿಯ ಉಳಿಕೆ. ಪಕ್ಕದಲ್ಲಿ ಕೂತಿದ್ದ ಲಗಮವ್ವ ಪೆನ್ನಿನ ಮೇಲೆ ಕೈಯಿಟ್ಟಳು.

“ಸಣ್ಣದ ಬರೀರಿ ಬಾಯಾರ. ಭಾಳ ಬರದ್ರ ಓದಂಗಿಲ್ಲ ಅವರು.”

ಆದ್ದರಿಂದ, ಮೂಡಲಗಿಯ ಜಿನ್ನಿನ ಮಾಲಕರೇ, ಕಾರ್ಮಿಕ ಅಧಿಕಾರಿಗಳೇ, ನಿಮ್ಮಿಬ್ಬರಿಗೂ ಸೇರಿ ಬರೆಯುತ್ತಿದ್ದೇನೆ. ಶೆಡ್ಡಿನಲ್ಲಿ ಹತ್ತಿ ಉಣಿಸುವ ಪ್ರತಿಯೊಬ್ಬ ಹೆಂಗಸಿಗೂ ಕಿವಿಮುಚ್ಚಿಗೆಯನ್ನು ನೀವೇ ಕೊಡಬೇಕು. ಅದನ್ನು ಹಾಕಿಕೊಂಡಳೆಂಬ ಕಾರಣಕ್ಕೆ ಯಾರನ್ನೂ ಗೇಟಿನಾಚೆ ಕಳಿಸಕೂಡದು. ಲಗಮವ್ವನನ್ನು ಈ ಸುಗ್ಗಿ ಮುಗಿಯುವ ಮೊದಲೇ, ಅದೇ ಪಗಾರದ ಮೇಲೆ, ಅಂಗಳದ ಕೆಲಸಕ್ಕೆ ಕರೆಯಬೇಕು. ಒಳಗೆ ಸದ್ದೇ ಇಲ್ಲವೆಂದು ಇನ್ನೂ ಹೇಳುವುದಿದ್ದರೆ, ಯಂತ್ರಗಳು ಓಡುತ್ತಿರುವಾಗ ಎರಡು ಸಾಲಿನ ನಡುವೆ ನಿಂತು, ಒಬ್ಬರದೊಬ್ಬರಿಗೆ ಕೇಳಿಸುವಂತೆ, ಕೈ ಎತ್ತದೆ, ಬಾಯಿಂದ ಹೇಳಿ.